ಪೂರ್ತಿ, ಅರ್ಧ, ಕಾಲು

ಶ್ರೀ ಪಟ್ಟಲಮ್ಮ ಫೋಟೋ ಸ್ಟುಡಿಯೋ
ಸ್ಟೇಷನ್ ರಸ್ತೆ, ಮಂಡ್ಯ
೧೫–೩–೧೯೪೩

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಸಮಸ್ತ ಗಿರಾಕಿ ಮಹಾಜನಗಳೇ,

ಸಭೆ ಸದ್ದು ಮಾಡದಿರಲಿ. ಹಿಂದೆ ನಿಂತವರು ಕೂರಲಿ. ಈ ಕಾರ್ಯಾಲಯವು ತಮ್ಮ ಘನ ಸನ್ನಿಧಾನದಲ್ಲಿ ಒಂದು ಗಂಭೀರವಾದ ಸಂಗತಿಯನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಯುದ್ಧ ನಡೆಯುತ್ತಿರುವುದು ಸಮುದ್ರದಾಚೆ. ಫೋಟೋ ಕಾಗದ ಕಾಣೆಯಾಗಿರುವುದು ನಮ್ಮ ಬೀರುವಿನಿಂದ. ಬೆಂಗಳೂರಿನ ಅಂಗಡಿಯವರು ಕೇಳಿದ ಅಳತೆ ಕೊಡುವುದಿಲ್ಲ. ಕೊಟ್ಟ ಅಳತೆ ನಾವು ಕೇಳಿದ್ದಲ್ಲ.

ಅಳತೆ ಮೂರು, ಆಸೆ ನೂರು,
ಕಾಗದ ಮಾತ್ರ ಚೂರುಪಾರು.

ಆದ್ದರಿಂದ ಫೋಟೋ ತೆಗೆಸಿಕೊಂಡು ಹೋಗಿ ಮತ್ತೆ ಇತ್ತ ತಲೆ ಹಾಕದ ಮಹನೀಯರೆಲ್ಲ, ಪೂರ್ತಿ ಬೇಕೋ, ಅರ್ಧವೋ, ಕಾಲು ಸಾಕೋ ಎಂದು ಒಂದು ಸಾಲು ಬರೆದು ತಿಳಿಸತಕ್ಕದ್ದು. ಬೇರೆ ಸ್ಟುಡಿಯೋದವರು ಇದನ್ನೇ ಇಂಗ್ಲಿಷಿನಲ್ಲಿ ಕೇಳಿ ದೊಡ್ಡವರೆನಿಸಿಕೊಳ್ಳುತ್ತಾರೆ. ಈ ಕಾರ್ಯಾಲಯದ ಯಜಮಾನ ಕನ್ನಡದಲ್ಲಿ ಬಿ.ಎ. ಮಾಡಿದವನು, ಇಷ್ಟು ಸಣ್ಣ ವಿಷಯಕ್ಕೆ ಪರಭಾಷೆಗೆ ತೊಂದರೆ ಕೊಡುವುದಿಲ್ಲ.

ಇನ್ನೊಂದು ಮಾತು. ಫಿಲಮ್ಮಿನ ಆಕಾರವೇ ಬೇರೆ, ಕಾಗದದ ಆಕಾರವೇ ಬೇರೆ. ಒಂದನ್ನು ಇನ್ನೊಂದರ ಮೇಲೆ ಇಳಿಸುವಾಗ ಅಂಚಿನಲ್ಲಿ ಏನಾದರೂ ಹೋಗಲೇಬೇಕು. ಏನು ಉಳಿಯಬೇಕೆಂದು ಮೊದಲೇ ಹೇಳಿದರೆ ಉಳಿಸುತ್ತೇವೆ. ಆಮೇಲೆ ಹೇಳಿದರೆ ಜೊತೆಗೆ ಕೂತು ಅಳುತ್ತೇವೆ. ಕತ್ತಲೆ ಕೋಣೆಯ ಆಡಳಿತವೆಲ್ಲ ನಮ್ಮ ಮನೆಯವರಾದ ಪುಟ್ಟಮಾದಮ್ಮನವರದು. ಕೆಂಪು ದೀಪದ ಕೆಳಗೆ ಎರಡು ಸ್ಟೂಲು. ಒಂದು ಅವರದು, ಒಂದು ನಮ್ಮದು. ಯಾರ ಕಿವಿ ಉಳಿಯಬೇಕು, ಯಾರ ಪೇಟ ಹೋಗಬೇಕೆಂಬ ತೀರ್ಪು ಅವರದೇ. ಅದರ ಮೇಲೆ ಅಪೀಲಿಲ್ಲ.

ಇಂತು ಕಾರ್ಯಾಲಯದ ಪರವಾಗಿ,
ಕೆಂಪಸಿದ್ದಯ್ಯ

ಮರೆತದ್ದು: ಬೆಳಕವಾಡಿ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ದೇವಿರಮ್ಮನವರಿಗೆ ಈ ಪ್ರತಿ. ಯಲಿಯೂರಿನ ಹುಚ್ಚೀರಯ್ಯನವರು ದೀಪಾವಳಿ ಕಳೆದ ಮೇಲೆ ಇಲ್ಲಿ ಒಂದು ಫೋಟೋ ತೆಗೆಸಿಕೊಂಡರು. ಮತ್ತೆ ಬರಲಿಲ್ಲ. ಕೇಳಿ ತಿಳಿಸುವುದು.


ಬೆಳಕವಾಡಿ
೨೪–೩–೧೯೪೩

ಸ್ಟುಡಿಯೋ ಯಜಮಾನರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ಹುಚ್ಚೀರಯ್ಯನವರು ನನ್ನ ತಂದೆ. ಸಂಕ್ರಾಂತಿ ಆದ ಮೇಲೆ ತೀರಿಕೊಂಡರು. ಅವರು ಫೋಟೋ ತೆಗೆಸಿಕೊಂಡ ವಿಷಯ ನನಗೆ ಗೊತ್ತಿರಲಿಲ್ಲ.

ಪೂರ್ತಿ ಬೇಡ. ಕಾಲು ಸಾಕು. ಪೂಜೆಗೆ ಇಟ್ಟುಕೊಳ್ಳುವುದಕ್ಕೆ. ಅಂಚಿನಲ್ಲಿ ಕತ್ತರಿಸಿಹೋಗದಂತೆ ದಯವಿಟ್ಟು ನೋಡಿಕೊಳ್ಳಿ.

ಇತಿ,
ದೇವಿರಮ್ಮ


ಮಂಡ್ಯ
೬–೪–೧೯೪೩

ಉಪಾಧ್ಯಾಯಿನಿ ದೇವಿರಮ್ಮನವರಿಗೂ ಅವರ ಮೂಲಕ ಬೆಳಕವಾಡಿಯ ಮಹಾಸಭೆಗೂ,

ತಂದೆಯವರ ಸುದ್ದಿ ತಿಳಿದು ವ್ಯಸನವಾಯಿತು. ಒಂದೇ ದಿನದ ಪರಿಚಯವಾದರೂ ಮರೆಯುವ ಆಸಾಮಿಯಲ್ಲ.

ತಾವು ಕೇಳಿದ ಕಾಲು ಅಳತೆಯ ಫೋಟೋ ಇದರೊಳಗಿದೆ. ಪೂರ್ತಿ ಹಾಳೆಯನ್ನು ನಾಲ್ಕು ಪಾಲು ಮಾಡಿದರೆ ಅದರಲ್ಲೊಂದು, ಅಂಗೈಯಷ್ಟು. ತಾವು ಜಾಣ ಗಿರಾಕಿ. ಈ ಕಾರ್ಯಾಲಯದ ಸೂತ್ರವೂ ಅದೇ:

ಪೂರ್ತಿಗೆ ಮನೆತನ ಬೇಕು,
ಅರ್ಧಕ್ಕೆ ಸಂಸಾರ ಬೇಕು,
ಕಾಲಿಗೆ ಮುಖವೊಂದು ಸಾಕು.

ಆದರೆ ತಮ್ಮ ತಂದೆಯವರು ಕೊಟ್ಟ ಕಷ್ಟವನ್ನು ಸಭೆಯ ಮುಂದಿಡಲೇಬೇಕು. ನಮ್ಮ ಸ್ಟುಡಿಯೋದಲ್ಲಿ ಇಬ್ಬರು ಕೂರುವ ಬೆಂಚೊಂದಿದೆ. ಒಬ್ಬರೇ ಬಂದವರನ್ನು ನಡುವೆ ಕೂರಿಸುವುದು ವಾಡಿಕೆ. ಇವರು ಬಂದವರೇ ಎಕ್ಕಡ ಬಿಟ್ಟು, ಬೆಂಚಿನ ಒಂದು ತುದಿಗೆ ಕೂತು, ಹೆಗಲ ಮೇಲಿನ ಬಿಳಿ ಟವಲನ್ನು ತೆಗೆದು ಪಕ್ಕಕ್ಕೆ ಹಾಸಿದರು.

“ನಡುವಿಗೆ ಬನ್ನಿ ಯಜಮಾನರೇ, ಟವಲು ತೆಗೆದಿಡಿ” ಅಂದೆ.

“ಅದು ಅಲ್ಲೇ ಇರ್ಲಿ ಬುಡಿ ಸ್ವಾಮಿ. ಬತ್ತಾರೆ.”

“ಯಾರು ಬರುತ್ತಾರೆ?”

“ಬಂದಾಗ ಗೊತ್ತಾಯ್ತದೆ.”

ಅವರ ಮನೆಯಾಕೆ ಪೇಟೆಯಲ್ಲಿ ಏನೋ ಕೊಳ್ಳುತ್ತಿರಬೇಕೆಂದು ಕಾದೆವು. ಮೈಸೂರು ಕಡೆಯ ರೈಲು ಬಂತು, ಹೋಯಿತು. ಯಾರೂ ಬರಲಿಲ್ಲ. ಕೊನೆಗೆ ಅವರೇ, “ನೀವು ಇಡೀರಿ ಅತ್ಲಾಗೆ, ಒತ್ತಾಯ್ತದೆ” ಅಂದರು. ಹಿಡಿದೆ. ಕ್ಯಾಮೆರಾ ನೋಡಿ ಎಂದರೆ ನೋಡಲಿಲ್ಲ; ಕಣ್ಣು ಓರೆಯಾಗಿಯೇ ಇತ್ತು.

ಹೀಗಾಗಿ ಫಿಲಮ್ಮಿನಲ್ಲಿ ಅರ್ಧ ತಂದೆಯವರು, ಅರ್ಧ ಖಾಲಿ ಬೆಂಚು. ದೊಡ್ಡದು ಮಾಡುವ ಯಂತ್ರದ ಕೆಳಗೆ ಒಂದು ಹಲಗೆ, ಅದರ ಮೇಲೆ ಸರಿಸಾಡುವ ತಗಡಿನ ಪಟ್ಟಿಗಳು. ಪಟ್ಟಿಯೊಳಗೆ ಬಿದ್ದಷ್ಟೇ ಚಿತ್ರ. ಬೆಂಚನ್ನು ಬಿಟ್ಟೆವು, ಟವಲನ್ನು ಬಿಟ್ಟೆವು, ಎದೆಯಿಂದ ಕೆಳಗೆಲ್ಲವನ್ನೂ ಬಿಟ್ಟೆವು. ಮುಖವನ್ನು ಹತ್ತಿರ ತಂದೆವು. ತಾವು ಹೇಳಿದಂತೆ ಅಂಚಿನಲ್ಲಿ ಕಿವಿಯ ತುದಿಯೂ ಹೋಗಿಲ್ಲ. ಕವರು ಬಿಚ್ಚಿದ ಕೂಡಲೇ ತಂದೆ ಎದುರಿಗೇ ಬಂದ ಹಾಗಿರಬೇಕು, ಅಲ್ಲವೇ ಎಂದು ನಮ್ಮ ಮನೆಯವರು ಕೇಳುತ್ತಿದ್ದಾರೆ.

ಕೆಂಪಸಿದ್ದಯ್ಯ


ಮಂಡ್ಯ
೧೧–೫–೧೯೪೩

ಬೆಳಕವಾಡಿಯ ಮಹಾಸಭೆಗೆ,

ಫೋಟೋ ತಲುಪಿತೆಂದು ಒಂದು ಸಾಲು ಬರಲಿಲ್ಲ. ಬೇಸಿಗೆ ರಜ; ತವರಿಗೆ ಹೋಗಿ ತಮ್ಮಂದಿರ ನಡುವೆ ಹಾಯಾಗಿರುವಿರೆಂದು ತಿಳಿದಿದ್ದೇವೆ. ಆದರೂ ನಮ್ಮ ಮನೆಯವರು ಟಪ್ಪಾಲಿನವನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಾರೆ. ನಾನು ಬೇಡವೆಂದರೂ ಕೇಳುವುದಿಲ್ಲ.

ಬರಲಿ ಒಂದು ಸಾಲು,
ಸಾಲದಿದ್ದರೆ ಕಾಲು.

ಕೆಂಪಸಿದ್ದಯ್ಯ


ಬೆಳಕವಾಡಿ
೨೦–೫–೧೯೪೩

ಯಜಮಾನರಿಗೆ ನಮಸ್ಕಾರ.

ಫೋಟೋವನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ. ಬಟ್ಟೆಯಲ್ಲಿ ಸುತ್ತಿದ್ದೇನೆ, ಕೊಳೆಯಾಗಿಲ್ಲ.

ನಾನು ಕೇಳಿದ್ದು ಕಾಲು. ಅಪ್ಪಯ್ಯನ ಕಾಲು. ಪಾದ. ನಿಮ್ಮ ಮೊದಲ ಪತ್ರದಲ್ಲಿ ಪೂರ್ತಿ, ಅರ್ಧ, ಕಾಲು ಎಂದು ಓದಿದಾಗ, ಆಳು ಪೂರ್ತಿ ಬೇಕೋ, ಸೊಂಟದವರೆಗೆ ಬೇಕೋ, ಕಾಲಷ್ಟೇ ಸಾಕೋ ಎಂದು ಕೇಳಿದಿರೆಂದುಕೊಂಡೆ. ಮಠದ ಸ್ವಾಮಿಗಳ ಪಾದ ಮಾತ್ರ ಪಟ ಹಾಕಿಸಿಕೊಳ್ಳುವವರಿದ್ದಾರೆ. ನನ್ನ ಮನಸ್ಸಿನಲ್ಲಿದ್ದದ್ದನ್ನು ಯಾರೋ ತಾವಾಗಿಯೇ ಕೇಳಿದರಲ್ಲ ಎಂದು ಅವತ್ತು ಎಷ್ಟು ಸಮಾಧಾನವಾಗಿತ್ತು.

ನನ್ನನ್ನು ಸೋದರಮಾವನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ನಾನು ಒಲ್ಲೆನೆಂದು ಮೈಸೂರಿಗೆ ಟ್ರೈನಿಂಗಿಗೆ ಹೊರಟೆ. ಅಪ್ಪಯ್ಯ ಜಗಲಿಯ ಮೇಲೆ ಕೂತಿದ್ದವರು ಗೋಡೆ ಕಡೆ ತಿರುಗಿಕೊಂಡರು. “ಓಗು. ಓಗ್ಬುಟ್ಟು ಇನ್ಯಾವತ್ತೂ ನನ್ ಮುಖ ನೋಡ್ಬ್ಯಾಡ ಕಣಮ್ಮಿ” ಅಂದರು. ಬಗ್ಗಿ ಕಾಲು ಮುಟ್ಟಿದೆ. ಎಳೆದುಕೊಳ್ಳಲಿಲ್ಲ. ಮುಖ ಇಲ್ಲವೆಂದರು, ಕಾಲು ಇಲ್ಲವೆನ್ನಲಿಲ್ಲ. ನನ್ನ ಪಾಲಿಗೆ ಬಂದದ್ದು ಅಷ್ಟು.

ಆಮೇಲೆ ಊರಿಗೆ ಹೋಗಲಿಲ್ಲ. ನೀವು ಬರೆದ ತವರು ಇಲ್ಲ. ರಜ ಎಂದರೆ ಬೀಗ ಹಾಕಿದ ಶಾಲೆಯ ಪಕ್ಕದಲ್ಲಿ ನನ್ನ ಒಂದು ಕೋಣೆ. ಅಪ್ಪಯ್ಯ ಹೋದ ಸುದ್ದಿ ಬಂದದ್ದು ಮಣ್ಣು ಮಾಡಿದ ಮೇಲೆ. ಅಲ್ಲಿಯೂ ಅವರ ಮಾತೇ ನಡೆಯಿತು. ಇಷ್ಟು ವರ್ಷ ಮುರಿಯದೆ ಇಟ್ಟುಕೊಂಡಿದ್ದನ್ನು ನಿಮ್ಮ ಕವರು ಬಿಚ್ಚಿ ಮುರಿದೆ. ಪಾಠದ ನಡುವೆ ಬಿಚ್ಚಿದೆ. ಮಕ್ಕಳು ಮಗ್ಗಿ ಹೇಳುತ್ತಿದ್ದವು. ಹೇಳುತ್ತಲೇ ಇದ್ದವು.

ನಿಮ್ಮ ಮೇಲೆ ಕೋಪವಿಲ್ಲ. ನನ್ನ ವಿಳಾಸವನ್ನು ನನ್ನ ತಮ್ಮ ತಿಮ್ಮಯ್ಯ ಕೊಟ್ಟಿರಬೇಕು. ಇದನ್ನೆಲ್ಲ ಅವನಿಗೆ ಹೇಳಬೇಡಿ. ಒಂದು ಕೇಳಬೇಕು. ಟವಲನ್ನು ಯಾವ ಪಕ್ಕಕ್ಕೆ ಹಾಸಿದ್ದರು?

ದೇವಿರಮ್ಮ


ಮಂಡ್ಯ
೨೭–೫–೧೯೪೩

ದೇವಿರಮ್ಮನವರಿಗೆ,

ಇವತ್ತು ಸಭೆ ಇಲ್ಲ.

ಎಲ್ಲರ ಹಾಗೆ ನಾನೂ ‘ಕ್ವಾರ್ಟರ್ ಪ್ಲೇಟು’ ಎಂದು ಬರೆದಿದ್ದರೆ ಇದು ಆಗುತ್ತಿರಲಿಲ್ಲ. ನನ್ನ ಬಿ.ಎ. ಒಂದು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸು ಬಂದಿದೆ. ಪುಟ್ಟಮಾದಮ್ಮ ನನ್ನ ಕಡೆ ನೋಡುತ್ತಲೇ ಇಲ್ಲ.

ತಿಮ್ಮಯ್ಯ ಎಂಬುವರನ್ನು ನಾನು ಕಂಡಿಲ್ಲ. ವಿಳಾಸ ಹೇಳಿದವರು ನಿಮ್ಮ ತಂದೆ. ಫೋಟೋ ಯಲಿಯೂರಿಗೆ ಕಳಿಸಲೇ ಎಂದು ಕೇಳಿದ್ದಕ್ಕೆ, “ಅಲ್ಲಿಗ್ಯಾಕೆ, ನನ್ ಮುಖ ಅಲ್ಲಿ ದಿನಾ ನೋಡ್ತಾರೆ. ಬೆಳಕವಾಡಿಗೆ ಕಳ್ಸಿ, ಅಲ್ಲಿ ನಮ್ ಮೇಡಮ್ಮು ಅವಳೆ” ಅಂದರು. ನಾನು ಬರೆದುಕೊಂಡದ್ದನ್ನು ಓದಿಸಿಕೊಂಡು, ‘ಉಪಾಧ್ಯಾಯಿನಿ’ ಎಂಬ ಮಾತು ಬಂದಾಗ ಇನ್ನೊಂದು ಸಲ ಓದಿಸಿದರು. ಅದು ಬರೀ ವಿಳಾಸವೆಂದು ನಾನು ತಿಳಿದೆ. ನಿಮ್ಮ ಪತ್ರ ಓದುವವರೆಗೂ ಹಾಗೇ ತಿಳಿದಿದ್ದೆ.

ಟವಲು ಅವರ ಎಡಗಡೆಗಿತ್ತು.

ಕಾಲು ಚೆನ್ನಾಗಿ ಬಂದಿದೆ. ಹಿಮ್ಮಡಿಯಲ್ಲಿ ಬಿರುಕು, ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಗೆ. ಪಟ್ಟಿಗಳನ್ನು ಸರಿಸಿದರೆ ಪಾದವಷ್ಟೇ ಬರುತ್ತದೆ, ಕಷ್ಟವಿಲ್ಲ. ಹಾಗೆ ಮಾಡಲು ಕೂತೆ. ಕೈ ಏಳಲಿಲ್ಲ. ಒಂದು ಸಲ ನಾನೇ ಕತ್ತರಿಸಿ ನೋಡಿಯಾಗಿದೆ. ಈ ಸಲ ನೀವು ಹೇಳಿದ ಮೇಲೆಯೇ.

ಕೆಂಪಸಿದ್ದಯ್ಯ


ಬೆಳಕವಾಡಿ
೫–೬–೧೯೪೩

ಅಣ್ಣನವರಿಗೆ,

ಎಡಗಡೆ ಎಂದರೆ ಕಿಟಕಿ, ರೈಲಿನಲ್ಲಿ ನನ್ನ ಜಾಗ.

ನಾನು ಮಂಡ್ಯದ ಮಿಡ್ಲಿಸ್ಕೂಲಿಗೆ ಹೋಗುತ್ತಿದ್ದಾಗ ಅಪ್ಪಯ್ಯ ಬೆಳಿಗ್ಗೆಯ ರೈಲಿಗೆ ಬದನೆಕಾಯಿ ಮಂಕರಿ ಹೊತ್ತುಕೊಂಡು ಜೊತೆಗೆ ಬರುತ್ತಿದ್ದರು. ಯಲಿಯೂರು ಸ್ಟೇಷನ್ನಿನಲ್ಲಿ ರೈಲು ನಿಲ್ಲುವುದು ಕ್ಷಣ ಹೊತ್ತು. ಮೊದಲು ಟವಲು ಹತ್ತುತ್ತಿತ್ತು, ಕಿಟಕಿಯಿಂದ. ಆಮೇಲೆ ಅಪ್ಪಯ್ಯ. ಕೊನೆಗೆ ನಾನು. ಯಾರಾದರೂ ಟವಲು ಸರಿಸಿ ಕೂರಲು ಹೋದರೆ, “ಅಲ್ಲಿ ಜನ ಅವ್ರೆ ಕಣ್ಲಾ, ಕಣ್ ಕಾಣಕಿಲ್ವಾ” ಅನ್ನುತ್ತಿದ್ದರು. ನಾನಿನ್ನೂ ಹತ್ತಿಯೇ ಇರುತ್ತಿರಲಿಲ್ಲ.

ಪೂರ್ತಿ ಕಳಿಸಿ. ನೋಡುತ್ತೇನೆಂದು ಹೇಳಲಾರೆ. ಅವರು ಬಾಯಿಬಿಟ್ಟು ಹೇಳಿದ್ದು ಒಂದು, ಟವಲು ಹಾಸಿದ್ದು ಇನ್ನೊಂದು. ಯಾವುದನ್ನು ನಡೆಸಬೇಕೋ ತಿಳಿಯುತ್ತಿಲ್ಲ. ಇಲ್ಲಿ ಕೇಳಲು ಯಾರೂ ಇಲ್ಲ. ನಿಮ್ಮ ಮನೆಯ ಅಕ್ಕಾವ್ರನ್ನು ಒಂದು ಮಾತು ಕೇಳಿ ಬರೆಯಿರಿ. ಅವರಾಗಿದ್ದರೆ ಏನು ಮಾಡುತ್ತಿದ್ದರು?

ದೇವಿರಮ್ಮ


ಮಂಡ್ಯ
೧೪–೬–೧೯೪೩

ತಂಗಿ ದೇವಿರಮ್ಮನವರಿಗೆ,

ಪೂರ್ತಿ ಅಳತೆಯ ಕಾಗದ ಒಂದೇ ಹಾಳೆ ಉಳಿದಿತ್ತು. ಅದರಲ್ಲಿ ತಪ್ಪುವಂತಿರಲಿಲ್ಲ. ಸಣ್ಣ ಕಾಗದವನ್ನು ಪಟ್ಟಿಪಟ್ಟಿಯಾಗಿ ಹರಿದು, ಮುಖದ ಮೇಲೊಂದು, ಟವಲಿನ ಮೇಲೊಂದು ಇಟ್ಟು ಮೊದಲು ನೋಡಿಕೊಂಡೆ. ಮುಖಕ್ಕೆ ಸರಿಯಾಗುವಷ್ಟು ಬೆಳಕು ಬಿಟ್ಟರೆ ಟವಲು ಬರಿಯ ಬಿಳಿ ಕಲೆ. ಟವಲಿನ ನೂಲು ಕಾಣುವಷ್ಟು ಬಿಟ್ಟರೆ ಮುಖ ಕಪ್ಪು. ಬೇರೆ ಸಮಯವಾಗಿದ್ದರೆ ಟವಲು ಹಾಳಾಗಲಿ ಎನ್ನುತ್ತಿದ್ದೆ. ಈ ಸಲ ಅವರ ಮುಖಕ್ಕೆ ನನ್ನ ಅಂಗೈ ಅಡ್ಡ ಹಿಡಿದು, ಟವಲಿಗೆ ಮಾತ್ರ ಇನ್ನಷ್ಟು ಹೊತ್ತು ಬೆಳಕು ಬಿಟ್ಟೆ. ಆ ಬೆಳಕು ನಿಮ್ಮೂರ ಪಕ್ಕದ ಹೊಳೆಯ ಜಲಪಾತದಲ್ಲಿ ಹುಟ್ಟಿ, ನಿಮ್ಮ ಕೋಣೆಗೆ ದೀಪವನ್ನೂ ಕೊಡದೆ, ತಲೆಯ ಮೇಲೇ ಹಾದುಬಂದ ಕರೆಂಟು. ಈ ಫೋಟೋದಲ್ಲಿ ಒಂದು ಸಲವಾದರೂ ನಿಮ್ಮಲ್ಲಿಗೆ ವಾಪಸು ಬರಲಿ.

ನಿಮ್ಮ ಪ್ರಶ್ನೆಯನ್ನು ಕತ್ತಲೆ ಕೋಣೆಯಲ್ಲಿ ಕೇಳಿದೆ. ಬಹಳ ಹೊತ್ತು ಕಾದೆ. ಕೊನೆಗೆ ನಮ್ಮ ಮನೆಯವರು, “ಎಲ್ಲಿ ಕತ್ತರಿಸ್ಬೇಕು ಅನ್ನೋದ ಆ ಮಗೀಗೇ ಬುಡಿ, ನಿಮಗ್ಯಾಕೆ” ಅಂದರು.

ಹಾಗೇ ಮಾಡಿದ್ದೇನೆ. ಫೋಟೋ ಕಾಗದ ಸುತ್ತಿ ಬರುವ ಕಪ್ಪು ಹಾಳೆಯನ್ನು ಚಿತ್ರದ ಮೇಲೆ ಮಡಿಸಿ ಹೊದಿಸಿದ್ದೇನೆ. ಈಗ ಪಾದವಷ್ಟೇ ಕಾಣುತ್ತದೆ. ಅಂಟಿಸಿಲ್ಲ. ಎಷ್ಟು ಬೇಕೋ ಅಷ್ಟು ಸರಿಸಿಕೊಳ್ಳಿ. ಬೇಡವಾದರೆ ಹಾಗೇ ಇರಲಿ.

ಕೆಂಪಸಿದ್ದಯ್ಯ


ಬೆಳಕವಾಡಿ
೨–೭–೧೯೪೩

ಅಣ್ಣನವರಿಗೆ,

ಕಪ್ಪು ಕಾಗದವನ್ನು ಹಾಗೇ ಬಿಟ್ಟಿದ್ದೆ. ದಿನವೂ ಪಾದಕ್ಕೆ ಕೈಮುಗಿದು ಶಾಲೆಗೆ ಹೋಗುತ್ತಿದ್ದೆ. ಅಷ್ಟರಲ್ಲೇ ನೆಮ್ಮದಿಯಾಗಿರಬಹುದಿತ್ತು. ಆದರೆ ಆ ಕಪ್ಪು ಉಗುರು. ಅದು ಯಾವಾಗ ಆಯಿತೋ ನನಗೆ ಗೊತ್ತಿಲ್ಲ. ನಾನು ಮುಟ್ಟಿದಾಗ ಇರಲಿಲ್ಲ. ನೇಗಿಲು ಬಿತ್ತೋ, ಕಲ್ಲು ಬಿತ್ತೋ, ಯಾರು ಶಾಖ ಕೊಟ್ಟರೋ. ಆ ಉಗುರನ್ನು ನೋಡಿ ನೋಡಿ, ಇನ್ನೇನೇನು ಆಗಿದೆಯೋ ನೋಡಬೇಕೆನ್ನಿಸಿತು.

ಕಾಗದವನ್ನು ಮೇಲಕ್ಕೆ ಸರಿಸಿದೆ. ಪಂಚೆ. ಮಂಡಿ. ಕೈ. ಎಡಗೈ ಟವಲಿನ ಅಂಚನ್ನು ಹಿಡಿದುಕೊಂಡಿದೆ ಅಣ್ಣ, ಯಾರಾದರೂ ಎಳೆದು ಹಾಕಿಯಾರೆಂಬ ಹಾಗೆ. ಆಮೇಲೆ ಪೂರ್ತಿ ತೆಗೆದೆ.

ತುಂಬ ಇಳಿದುಹೋಗಿದ್ದಾರೆ. ಅಪ್ಪಯ್ಯ ಕ್ಯಾಮೆರಾ ನೋಡಲಿಲ್ಲವೆಂದು ಬರೆದಿದ್ದಿರಿ. ಅವರು ಟವಲು ನೋಡುತ್ತಿದ್ದಾರೆ. ನೋಡಬೇಡ ಎಂದದ್ದನ್ನು ನಾನು ಇಲ್ಲಿ ನಡೆಸುತ್ತಾ ಕೂತೆ. ಅವರು ಅಲ್ಲಿ ನೋಡುತ್ತಾ ಕೂತರು. ನಮ್ಮಿಬ್ಬರ ನಡುವೆ ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಒಂದು ಬಸ್ಸಿನಷ್ಟು ದೂರ.

ಹನ್ನೊಂದನೇ ತಾರೀಖು ಭಾನುವಾರ ಬರುತ್ತೇನೆ. ಮಳವಳ್ಳಿ ಬಸ್ಸು ಹಿಡಿದು, ಮದ್ದೂರಿನಲ್ಲಿ ಇಳಿದು ರೈಲು ಹತ್ತುತ್ತೇನೆ. ಆ ಬೆಂಚಿನ ಮೇಲೆ ಟವಲು ಹಾಸಿದ್ದ ಕಡೆ ಕೂರುತ್ತೇನೆ. ಒಂದು ಫೋಟೋ ತೆಗೆಯಿರಿ. ಪಕ್ಕದ ಖಾಲಿ ಜಾಗ ಕತ್ತರಿಸಬೇಡಿ. ಅದು ಮೂಡುವುದನ್ನು ಕತ್ತಲೆ ಕೋಣೆಯಲ್ಲಿ ಅಕ್ಕಾವ್ರ ಪಕ್ಕ ನಿಂತು ನೋಡಬೇಕೆಂದು ಆಸೆ. ಅವರು ಆ ಮಾತು ಹೇಳದಿದ್ದರೆ ನಾನು ಪಾದದಲ್ಲೇ ನಿಂತಿರುತ್ತಿದ್ದೆ. ಅವರಿಗೊಂದು ರವಿಕೆ ಕಣ ತರುತ್ತೇನೆ. ಯಾವ ಬಣ್ಣ ಒಪ್ಪುತ್ತದೆಂದು ಮರೆಯದೆ ಬರೆಯಿರಿ.

ನಿಮ್ಮ ತಂಗಿ,
ದೇವಿರಮ್ಮ


ಮಂಡ್ಯ
೬–೭–೧೯೪೩

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಸಮಸ್ತ ಮಹಾಜನಗಳೇ,

ಸಭೆ ಸದ್ದು ಮಾಡದಿರಲಿ. ಭಾನುವಾರದ ಏರ್ಪಾಟುಗಳು ಭರದಿಂದ ಸಾಗಿವೆ. ಬೆಂಚು ತೊಳೆದಾಯಿತು, ಪರದೆ ಒಗೆದಾಯಿತು. ಬೆಂಗಳೂರಿನಿಂದ ಕಾಗದದ ಒಂದು ಪೊಟ್ಟಣ ಬಂದಿದೆ, ಕೇಳಿದ ಅಳತೆಯೇ. ಅಂಗಡಿಯವರಿಗೆ ಮೈ ಸರಿಯಿಲ್ಲವೇನೋ.

ಬರುವುದು ರೈಲು, ಇಳಿಯುವುದು ಬಾಲೆ,
ಬಾಗಿಲಿಗೆ ಕಟ್ಟಿದೆ ಮಾವಿನೆಲೆಯ ಮಾಲೆ.

ರವಿಕೆಯ ಬಣ್ಣದ ವಿಷಯವನ್ನು ಈ ಕಾರ್ಯಾಲಯವು ಕತ್ತಲೆ ಕೋಣೆಯ ಗಮನಕ್ಕೆ ತಂದಿತು. ನಮ್ಮ ಮನೆಯವರು ಕೊಟ್ಟ ಉತ್ತರವೇನೆಂದರೆ...

ದೇವಿರಮ್ಮ, ರವಿಕೆ ಕಣ ತರಬೇಡ ತಾಯಿ. ಪುಟ್ಟಮಾದಮ್ಮ ಇಲ್ಲ. ಹೋಗಿ ಎರಡು ಗೌರಿ ಹಬ್ಬ ಕಳೆಯಿತು. ಟಪ್ಪಾಲಿನವನ ಗಂಟೆಗೆ ಬಾಗಿಲಿಗೆ ಬರುತ್ತಿದ್ದವನು ನಾನು. ಅವಳಿದ್ದಿದ್ದರೆ ಏನು ಹೇಳುತ್ತಿದ್ದಳೆಂದು ಕೇಳಿಕೊಂಡು, ಕೇಳಿಸಿದ್ದನ್ನು ಬರೆದೆ. ಮಹಾಜನರೂ ಇಲ್ಲ. ಆ ಮೊದಲ ಕಾಗದವನ್ನು ಅಷ್ಟೂ ಜನಕ್ಕೆ ಕೈಯಲ್ಲೇ ಬರೆದು ಹಾಕಿದ್ದೆ. ಉತ್ತರ ಬರೆದವಳು ನೀನೊಬ್ಬಳು.

ಅವಳಿಗೆ ಒಪ್ಪುತ್ತಿದ್ದದ್ದು ಗಿಳಿಹಸಿರು.

ಕೆಂಪು ದೀಪದ ಕೆಳಗೆ ಎರಡನೆಯ ಸ್ಟೂಲಿನ ಮೇಲೆ ನನ್ನ ಟವಲು ಬಿದ್ದಿದೆ. ಬಾ, ಎತ್ತಿಡುತ್ತೇನೆ.